ಡಿಪೋದ ಹಲ್ಲುನೋವು

ಎಲ್ಲ ಶುರುವಾದದ್ದು ಎಡದವಡೆಯ ಒಂದು ಹಲ್ಲಿನಿಂದ. ಅದು ಮೇಲಿನ ಸಾಲಿನದೋ ಕೆಳಗಿನ ಸಾಲಿನದೋ ಅವನಿಗೂ ಗೊತ್ತಿರಲಿಲ್ಲ. ಎದುರುಬದುರು ಮನೆಯವರ ಜಗಳದಂತೆ, ಮೊದಲು ಬಾಯಿ ತೆರೆದವರು ಯಾರೆಂದು ತಿಳಿಯದ ಹಾಗೆ, ನೋವು ಇಡೀ ಬೀದಿಯನ್ನೇ ಎಬ್ಬಿಸಿ ನಿಲ್ಲಿಸಿತ್ತು.

ಎರಡು ವರ್ಷದಿಂದ ನೆಂಟನಂತೆ ಬಂದುಹೋಗಿ ಮಾಡುತ್ತಿದ್ದ ನೋವು ಅಂದು ಬೆಳಗಿನ ನಾಲ್ಕು ಗಂಟೆಗೆ ಹಾಸಿಗೆ ಪೆಟ್ಟಿಗೆ ಸಮೇತ ಬಂದಿಳಿಯಿತು. ಬರಲು ಅದಕ್ಕೆ ಬೇರೆ ದಿನವೇ ಸಿಗಲಿಲ್ಲ. ಅಂದು ಸಂಜೆ ನಾಲ್ಕಕ್ಕೆ ಡಿಪೋದಲ್ಲಿ ಚಾಲಕ ತರಬೇತುದಾರನ ಹುದ್ದೆಗೆ ಸಂದರ್ಶನವಿತ್ತು.

ಅವನು ಹತ್ತೊಂಬತ್ತು ವರ್ಷದಿಂದ ಬಸ್ ಓಡಿಸುತ್ತಿದ್ದ. ಹತ್ತೊಂಬತ್ತು ವರ್ಷವೂ ದಿನದ ಮೊದಲ ಬಸ್ಸು, ಆರು ಹತ್ತರದು. ಅಂದರೆ ಹತ್ತೊಂಬತ್ತು ವರ್ಷವೂ ನಾಲ್ಕಕ್ಕೆ ಅಲಾರಂ. ಮಗಳು ಹುಟ್ಟಿ, ಬೆಳೆದು, ಕಾಲೇಜು ಸೇರಿದ್ದಳು. ಬೆಳಗಿನ ಹೊತ್ತು ಅವಳ ಮುಖ ಹೇಗಿರುತ್ತದೆಂದು ಅವನಿಗೆ ತಿಳಿದಿರಲಿಲ್ಲ, ಹೊದಿಕೆಯ ಬಣ್ಣ ಮಾತ್ರ ಗೊತ್ತಿತ್ತು. ತರಬೇತುದಾರನ ಕೆಲಸ ಹತ್ತು ಗಂಟೆಗೆ ಶುರು. ಸೂರ್ಯ ತನಗಿಂತ ಮೊದಲೇ ಎದ್ದು ಕೆಲಸಕ್ಕೆ ಹಾಜರಾಗಿರುವುದನ್ನು ಹಾಸಿಗೆಯಲ್ಲಿ ಮಲಗಿಕೊಂಡೇ ನೋಡಬೇಕು ಎಂಬುದು ಅವನ ಜೀವನದ ಏಕೈಕ ದುರಾಸೆಯಾಗಿತ್ತು.

ಡಿಪೋದಲ್ಲಿ ಅವನನ್ನು ಸೋಡಾ ಎನ್ನುತ್ತಿದ್ದರು. ಬೀಳ್ಕೊಡುಗೆ ಪಾರ್ಟಿಗಳಲ್ಲಿ ಉಳಿದವರು ಏನೇ ಕುಡಿಯಲಿ, ಅವನು ಮಾತ್ರ ಒಂದು ಬಾಟಲಿ ಸೋಡಾ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದ. ಹುದ್ದೆಗೆ ಸೇವಾ ಹಿರಿತನದಿಂದ ಅರ್ಹರಾಗಿದ್ದವರು ಇಬ್ಬರೇ. ಒಬ್ಬ ಸೋಡಾ. ಇನ್ನೊಬ್ಬನನ್ನು ಟ್ಯಾಂಕರ್ ಎನ್ನುತ್ತಿದ್ದರು; ಆ ಹೆಸರಿಗೆ ಕಾರಣ ವಿವರಿಸಬೇಕಾಗಿಲ್ಲ.

"ಇದನ್ನ ಜೇಬಲ್ಲಿ ಇಟ್ಕೊಂಡು ಹೋಗಿ," ಎಂದು ಹೆಂಡತಿ ಒಂದು ಬಾಟಲಿ ಕೊಟ್ಟಳು. "ಎದುರುಮನೆ ಕಾಂಪೌಂಡರ್ ಮಾವ ನಿನ್ನೇನೇ ಹೊಸದು ಮಾಡ್ಕೊಟ್ಟಿದಾರೆ. ನೋವು ಬಂದ್ರೆ ಒಂದು ಬಾಯಿ ಹಾಕ್ಕೊಂಡು ಎರಡು ನಿಮಿಷ ಹಿಡ್ಕೊಳ್ಳಿ, ಆಮೇಲೆ ಉಗೀರಿ. ನುಂಗಿಬಿಟ್ಟೀರಿ ಮತ್ತೆ."

ಕಾಂಪೌಂಡರ್ ಮಾವ ಯಾವುದೋ ಔಷಧಾಲಯದಲ್ಲಿ ನಲವತ್ತು ವರ್ಷ ಪುಡಿ ಕಟ್ಟಿ ನಿವೃತ್ತರಾದವರು. ಲವಂಗದೆಣ್ಣೆ, ಕರ್ಪೂರ, ಮತ್ತು ಅವೆರಡೂ ಕರಗುವಷ್ಟು ಸ್ಪಿರಿಟ್ಟು ಸೇರಿಸಿ ಅವರು ಮಾಡುತ್ತಿದ್ದ ದ್ರಾವಣ ಇಡೀ ಬೀದಿಯ ಹಲ್ಲುಗಳನ್ನು ಹದ್ದುಬಸ್ತಿನಲ್ಲಿಟ್ಟಿತ್ತು. ಅದನ್ನು ತುಂಬಲು ಅವರ ಮನೆಯಲ್ಲಿ ಸಿಗುತ್ತಿದ್ದದ್ದು ಒಂದೇ ಬಗೆಯ ಬಾಟಲಿ: ಚಪ್ಪಟೆಯದು, ಅಂಗಿಯ ಒಳಜೇಬಿಗೆಂದೇ ಹುಟ್ಟಿದ್ದು. ಆ ಬಾಟಲಿಗಳು ಅವರಿಗೆ ಎಲ್ಲಿಂದ ಸಿಗುತ್ತಿದ್ದವೆಂದು ಯಾರೂ ಕೇಳುತ್ತಿರಲಿಲ್ಲ.

ಐದು ಮುಕ್ಕಾಲಿಗೆ ಡಿಪೋದ ಗೇಟಿನಲ್ಲಿ ನೋವು ಮತ್ತೆ ಎದ್ದಿತು. ಯಾರೋ ದವಡೆಯೊಳಗೆ ಕೂತು ಸ್ಪ್ಯಾನರಿನಿಂದ ನಟ್ಟು ಬಿಗಿಸುತ್ತಿರುವಂತಿತ್ತು. ಸೋಡಾ ನಲ್ಲಿಯ ಹತ್ತಿರ ಹೋಗಿ ಬಾಟಲಿಯಲ್ಲಿದ್ದದ್ದನ್ನೆಲ್ಲ ಬಾಯಿಗೆ ಸುರಿದುಕೊಂಡ. ಕಣ್ಣಲ್ಲಿ ನೀರು ಬಂತು. ಎರಡು ನಿಮಿಷ ಎಣಿಸಿ ಉಗಿದ, ಬಾಯಿ ಒರೆಸಿಕೊಂಡ, ನೇರ ಊದುವ ಕೋಣೆಗೆ ನಡೆದ.

ಡಿಪೋದಲ್ಲಿ ಬಸ್ಸಿನ ಕೀಲಿ ಕೈಗೆ ಸಿಗಬೇಕಾದರೆ ಮೊದಲು ಆ ಕೋಣೆಯಲ್ಲಿ ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಬೇಕು. ಚಾಲಕರು ಅದನ್ನು ಪೀಪಿ ಎನ್ನುತ್ತಿದ್ದರು. ಇಪ್ಪತ್ತರ ಒಳಗೆ ಬಂದರೆ ಕೀಲಿ, ಮೇಲೆ ಹೋದರೆ ಮನೆ. ಮೇಜಿನ ಹಿಂದೆ ಪೀಪಿ ಗುಮಾಸ್ತ ಕೂತಿದ್ದ. ನಿದ್ದೆ ಸಾಲದ ಕಣ್ಣು, ಕಿವಿಯ ಮೇಲೆ ಪೆನ್ನು.

ಟ್ಯಾಂಕರ್ ಊದಿದ. "ಹದಿನೆಂಟು," ಎಂದ ಗುಮಾಸ್ತ, ಬಸ್ಸಿನ ನಂಬರು ಓದುವವನಂತೆ. ಟ್ಯಾಂಕರಿನದು ದಿನವೂ ಹದಿನೆಂಟೇ, ತಪ್ಪಿದರೆ ಹತ್ತೊಂಬತ್ತು.

ಸೋಡಾ ಊದಿದ. ಪೀಪಿ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಇದುವರೆಗೆ ಯಾರೂ ಕೇಳಿರದ ಒಂದು ರಾಗ ತೆಗೆಯಿತು.

"ತೊಂಬತ್ತೆರಡು," ಎಂದ ಗುಮಾಸ್ತ. ನಿದ್ದೆ ಹಾರಿಹೋಗಿತ್ತು.

"ನಿನ್ನ ಯಂತ್ರ ಕೆಟ್ಟಿದೆ."

"ಯಂತ್ರ ಹೊಸದು. ಏನಪ್ಪಾ ಇದು, ಅದೂ ನೀನು. ಕಾರಣ ಏನಂತ ಬರೀಲಿ?"

"ಹಲ್ಲುನೋವು," ಎಂದ ಸೋಡಾ.

ಗುಮಾಸ್ತನ ಪೆನ್ನು ನಿಂತಿತು. ಹಿಂದೆ ನಿಂತ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಾಲು ಇಂಜಿನ್ ಶುರುವಾದಂತೆ ಅಲುಗಾಡತೊಡಗಿತು.

"ನಿನಗೂ ಬಂತಾ?" ಎಂದ ಗುಮಾಸ್ತ, ಅಕ್ಕರೆಯಿಂದ.

"ನನಗೂ ಅಂದ್ರೆ? ಎರಡು ವರ್ಷದಿಂದ ಇದೆ. ರಜೆ ಅರ್ಜಿಯಲ್ಲೆಲ್ಲ ಬರೆದಿದೀನಲ್ಲ."

"ಬರೆದಿದೀಯ, ಬರೆದಿದೀಯ. ನಾವೇ ಪೆದ್ದರು, ನಂಬಿಬಿಟ್ವಿ."

ಸೋಡಾನಿಗೆ ಒಂದೂ ಅರ್ಥವಾಗಲಿಲ್ಲ. ಸಾಕ್ಷಿ ತೋರಿಸಲು ಒಳಜೇಬಿಗೆ ಕೈ ಹಾಕಿ ಬಾಟಲಿ ತೆಗೆದ. ಆ ಬಾಟಲಿ ಮೇಜಿನ ಮೇಲೆ ಕೂತ ಭಂಗಿ ನೋಡಿದವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಗುಮಾಸ್ತ ಮುಚ್ಚಳ ತೆಗೆದು ಮೂಸಿದ, ತಲೆ ಹಿಂದಕ್ಕೆಳೆದುಕೊಂಡ.

"ಇದು ಲೋಕಲ್ಲಾ?"

"ಔಷಧಿ. ಎದುರುಮನೆಯವರು ಮನೇಲೇ ಮಾಡೋದು."

"ಮನೇಲೇ ಮಾಡೋದು," ಎಂದು ಗುಮಾಸ್ತ ನಿಧಾನವಾಗಿ ಬರೆದುಕೊಂಡ. "ನೋಡಪ್ಪಾ, ಹೊಸ ಸಾಹೇಬರು ಬಂದ ಮೇಲೆ ರೂಲು ಬಿಗಿಯಾಗಿದೆ. ಮನೆಗೆ ಫೋನ್ ಮಾಡಿ ವಿಚಾರಿಸಬೇಕು."

"ಮಾಡು. ಧಾರಾಳವಾಗಿ ಮಾಡು," ಎಂದ ಸೋಡಾ. ಹೆಂಡತಿ ಸುಳ್ಳು ಹೇಳುವವಳಲ್ಲ. ತೊಂದರೆಯಾದದ್ದೇ ಅದರಿಂದ.

ಗುಮಾಸ್ತ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

"ನಮಸ್ಕಾರಮ್ಮ, ಡಿಪೋದಿಂದ. ನಿಮ್ಮೆಜಮಾನರಿಗೆ ಹಲ್ಲುನೋವಂತೆ?"

"ಅಯ್ಯೋ, ಅಲ್ಲೂ ಶುರುವಾಯ್ತಾ? ಎರಡು ವರ್ಷದ ಗೋಳು ಸರ್ ಇದು. ರಜೆ ದಿನ ಬಂತಂದ್ರೆ ತಡೆಯೋಕೇ ಆಗಲ್ಲ. ರಾತ್ರಿ ಎಲ್ಲ ಗೊಣಗ್ತಾರೆ, ಗೋಡೆಗೆ ತಲೆ ಚಚ್ಕೋತಾರೆ."

"ಬೆಳಿಗ್ಗೆ ಬೆಳಿಗ್ಗೆನೂ ಬೇಕಾ ಅವರಿಗೆ ಔಷಧಿ?"

"ಎದ್ದ ತಕ್ಷಣ ಒಂದು ಬಾಯಿ ಹಾಕ್ಕೊಂಡ್ರೇನೆ ಸಮಾಧಾನ. ನಾನೇ ಜೇಬಿಗೆ ಇಟ್ಟು ಕಳಿಸ್ತೀನಿ. ಇಲ್ದಿದ್ರೆ ಬಸ್ ಹೇಗೆ ಓಡಿಸ್ತಾರೆ, ಪಾಪ."

ಸಾಲಿನಲ್ಲಿದ್ದ ಒಬ್ಬ ಪಕ್ಕಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಅವನ ಬೆನ್ನು ಕುಣಿಯುತ್ತಿತ್ತು.

"ಮನೇಲಿ ಬೇರೆ ಯಾರಿಗಾದ್ರೂ ಇದೆಯಾ ಅಮ್ಮ?"

"ನಮ್ಮತ್ತೆಗೆ ವಿಪರೀತ ಇತ್ತು. ನಂಗೂ ಒಂದೊಂದ್ಸಲ ಬರತ್ತೆ, ಆಗ ನಾನೂ ಅದನ್ನೇ ಹಾಕ್ಕೊಳ್ಳೋದು. ಮಗಳು ಚಿಕ್ಕೋಳಿದ್ದಾಗ ಹತ್ತೀಲಿ ಅದ್ದಿ ಇಡ್ತಿದ್ವಿ, ತೆಪ್ಪಗೆ ಮಲ್ಕೋತಿದ್ಲು."

ಗುಮಾಸ್ತ ಫೋನಿಟ್ಟು, ಕಿವಿಯ ಮೇಲಿನ ಪೆನ್ನನ್ನು ತೆಗೆದು ಮತ್ತೆ ಅಲ್ಲೇ ಇಟ್ಟ. "ಇಡೀ ಸಂಸಾರ," ಎಂದಷ್ಟೇ ಹೇಳಿದ.

ಸೋಡಾ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇನ್ನೊಮ್ಮೆ ಊದುತ್ತೇನೆ ಎಂದು ಹಟ ಹಿಡಿದ. ಇಪ್ಪತ್ತು ನಿಮಿಷ ಬಿಟ್ಟು ಊದಬಹುದು ಎಂಬ ನಿಯಮವಿತ್ತು. ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂತು, ಗಡಿಯಾರವನ್ನೇ ದಿಟ್ಟಿಸಿ, ಆಮೇಲೆ ಊದಿದ.

ಸೊನ್ನೆ.

ಈಗ ಗುಮಾಸ್ತನ ಮುಖ ಇಂಗು ತಿಂದ ಮಂಗನಂತಾಯಿತು. ಯಂತ್ರವನ್ನು ತಟ್ಟಿದ, ಅಲುಗಾಡಿಸಿದ. ಅನುಮಾನ ಪರಿಹಾರಕ್ಕೆಂದು ಟ್ಯಾಂಕರನ್ನು ಕರೆದು ಇನ್ನೊಮ್ಮೆ ಊದಿಸಿದ. ಹದಿನೇಳು. ಯಂತ್ರ ಸರಿಯಾಗಿಯೇ ಇತ್ತು.

"ನೋಡಿದ್ಯಾ, ಬಾಯಲ್ಲಿದ್ದದ್ದು ಬಾಯಲ್ಲೇ ಹೋಯ್ತು. ಹೊಟ್ಟೆಗೆ ಹೋಗಿದ್ರೆ ಇಷ್ಟು ಬೇಗ ಹೋಗ್ತಿತ್ತಾ? ಕೀಲಿ ಕೊಡು," ಎಂದ ಸೋಡಾ.

"ಸೊನ್ನೆ ಸೊನ್ನೇನೇ, ಒಪ್ಕೊಂಡೆ. ಆದ್ರೆ ತೊಂಬತ್ತೆರಡನ್ನ ಶಾಯೀಲಿ ಬರ್ದಾಗಿದೆ. ಇನ್ನು ಸಾಹೇಬರೇ ತೀರ್ಮಾನ ಮಾಡಬೇಕು. ಹೇಗೂ ನಾಲ್ಕಕ್ಕೆ ಇಂಟರ್‌ವ್ಯೂ ಇದೆಯಲ್ಲ, ಅಲ್ಲೇ ಹೇಳ್ಕೋ. ಹೆದರಬೇಡ, ಅವರು ಈ ವಿಷಯದಲ್ಲಿ ತಿಳಿದೋರು. ಮೊನ್ನೆ ತಾನೆ ಈ ಪೀಪಿ ತರಬೇತಿಗೆ ಹೋಗಿದ್ರು. ಊಟದವರೆಗೆ ಪೂರ್ತಿ ಕೂತಿದ್ರಂತೆ."

"ಊಟದ ನಂತರ?"

"ನಂತರದ ಭಾಗಕ್ಕೆ ಇರಲಿಲ್ಲ. ಮೀಟಿಂಗ್ ಇತ್ತು."

ಆರು ಹತ್ತರ ಬಸ್ಸು ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ, ಮೂವತ್ತು ನಿಮಿಷ ತಡವಾಗಿ, ಬೇರೊಬ್ಬನ ಕೈಯಲ್ಲಿ ಹೊರಗೆ ಹೋಯಿತು. ತಿರುವಿನಲ್ಲಿ ಅವನು ಎರಡನೇ ಗೇರಿಗೆ ಹಾಕಿದ ಸದ್ದು ಕೇಳಿ ಸೋಡಾನ ಹಲ್ಲು ಇನ್ನಷ್ಟು ನೊಂದಿತು.

ಕ್ಯಾಂಟೀನಿನಲ್ಲಿ ಟ್ಯಾಂಕರ್ ಎದುರಿಗೆ ಬಂದು ಕೂತ. ಅವನ ಬಸ್ಸು ಮಧ್ಯಾಹ್ನದ್ದು, ಮೂರಕ್ಕೆಲ್ಲ ವಾಪಸ್ಸು. ಮಧ್ಯಾಹ್ನದ ಸಾಲು ತಪ್ಪಿಸಲು ಬೆಳಿಗ್ಗೆಯೇ ಬಂದು ಊದಿ ಹೋಗುವುದು ಅವನ ಪದ್ಧತಿ. ದೊಡ್ಡ ದೇಹ, ಹಳದಿ ತಿರುಗಿದ ಕಣ್ಣು, ಸೋಡಾನಿಗಿಂತ ಐದು ವರ್ಷ ದೊಡ್ಡವನು.

"ಲೋ ಸೋಡಾ, ನಿಜ ಹೇಳು. ನಿನಗೆ ಹಲ್ಲು ನೋಯ್ತಿದೆಯಾ?"

"ಬೆಳಿಗ್ಗೆಯಿಂದ ಇನ್ನೇನು ಬಡ್ಕೋತಿದೀನಿ ಅಣ್ಣ?"

"ಹಲ್ಲೇನಾ? ಬಾಯಲ್ಲಿರೋ ಹಲ್ಲು?"

"ಹಲ್ಲು ಇನ್ನೆಲ್ಲಿರತ್ತೆ?"

ಟ್ಯಾಂಕರ್ ಚಹಾದ ಲೋಟವನ್ನು ಕೆಳಗಿಟ್ಟ. ಮಗುವಿಗೆ ಕೆಟ್ಟ ಸುದ್ದಿ ಹೇಳುವವನಂತೆ ದನಿ ತಗ್ಗಿಸಿದ. "ನಿಂಗೆ ಯಾರೂ ಹೇಳೇ ಇಲ್ವಾ? ಈ ಡಿಪೋದಲ್ಲಿ ಹಲ್ಲುನೋವು ಅಂದ್ರೆ ಹಿಂದಿನ ದಿನದ್ದು ಇಳಿದಿಲ್ಲ ಅಂತ. ಇಪ್ಪತ್ತು ವರ್ಷದ ಹಿಂದೆ ನಾನೇ ಶುರು ಮಾಡಿದ್ದು. ರಿಜಿಸ್ಟರ್‌ನಲ್ಲಿ ಬೇರೆ ಏನಂತ ಬರೆಯೋದು? ಆಮೇಲೆ ಎಲ್ರೂ ಹಿಡ್ಕೊಂಡ್ರು. ಸ್ವಲ್ಪ ಆಗಿದ್ರೆ ಹಲ್ಲುನೋವು, ಜಾಸ್ತಿ ಆಗಿದ್ರೆ ದವಡೆ ಹಲ್ಲು."

ಸೋಡಾನಿಗೆ ಹತ್ತೊಂಬತ್ತು ವರ್ಷಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಈ ಡಿಪೋದಲ್ಲಿ ಯಾರ ಹಲ್ಲೂ ನೆಟ್ಟಗಿಲ್ಲವಲ್ಲ ಎಂದು ಅವನು ಎಷ್ಟು ಮರುಗಿದ್ದ. ಸೋಮವಾರ ಬೆಳಿಗ್ಗೆ ತಲೆ ಹಿಡಿದು ಕೂತವರ ಬಳಿಗೆಲ್ಲ ಹೋಗಿ ಉಪ್ಪುನೀರು ಮುಕ್ಕಳಿಸಿ, ಬ್ರಷ್ ಬದಲಾಯಿಸಿ ಎಂದು ಉಪದೇಶ ಮಾಡಿದ್ದ. ಒಮ್ಮೆ ನೋಟಿಸ್ ಬೋರ್ಡಿನಲ್ಲಿ ಉಚಿತ ದಂತ ತಪಾಸಣೆಯ ಚೀಟಿಯನ್ನೂ ಅಂಟಿಸಿದ್ದ. ಅದರ ಕೆಳಗೆ ಯಾರೋ 'ಗ್ಲಾಸು ನಾವೇ ತರಬೇಕಾ?' ಎಂದು ಬರೆದದ್ದು ಯಾಕೆಂದು ಈಗ ತಿಳಿಯಿತು.

"ಆದ್ರೂ ನನಗೊಂದು ಅರ್ಥ ಆಗ್ತಿಲ್ಲ ಅಣ್ಣ," ಎಂದ, ಮಾತು ತಿರುಗಿಸಲು. "ನೀವು ಕುಡಿದೂ ಹದಿನೆಂಟು. ನಾನು ಕುಡೀದೆ ತೊಂಬತ್ತೆರಡು."

"ನಿಂದು ಬಾಯಿ ಕಥೆ, ಬಿಡು. ನಂದು ಲಿವರ್ ಕಥೆ." ಟ್ಯಾಂಕರ್ ಸಕ್ಕರೆ ಡಬ್ಬಿಯನ್ನು ನಡುವೆ ಎಳೆದುಕೊಂಡ. "ಲಿವರ್ ಅಂದ್ರೆ ಟಿಕೆಟ್ ಕೌಂಟರ್ ಅನ್ಕೋ. ಕುಡಿದದ್ದೆಲ್ಲ ಅಲ್ಲಿ ಸಾಲು ನಿಂತಿರತ್ತೆ. ನಿನ್ನಂಥೋನಿಗೆ ಒಂದೇ ಕೌಂಟರ್, ಗಂಟೆಗೆ ಇಷ್ಟೇ ಟಿಕೆಟ್ ಅಂತ ಲೆಕ್ಕ. ನೀನು ಅತ್ರೂ ಅಷ್ಟೇ, ತಣ್ಣೀರು ಹುಯ್ಕೊಂಡ್ರೂ ಅಷ್ಟೇ. ದಿನಾ ಕುಡಿಯೋನಿಗೆ ಏನಾಗತ್ತೆ, ರಶ್ ನೋಡಿ ಲಿವರ್ರೇ ಎಕ್ಸ್‌ಟ್ರಾ ಕೌಂಟರ್ ತೆಗೆಯತ್ತೆ. ಸಾಲು ಬೇಗ ಕರಗತ್ತೆ. ಮೂವತ್ತನೇ ವಯಸ್ಸಲ್ಲಿ ನಾನು ಎಷ್ಟೇ ಕುಡಿದ್ರೂ ಬೆಳಿಗ್ಗೆಗೆ ಸೊನ್ನೆ. ನನ್ನಷ್ಟು ಗಟ್ಟಿ ಯಾರಿಲ್ಲ ಅನ್ಕೊಂಡಿದ್ದೆ."

"ಮತ್ತೆ ಒಳ್ಳೇದೇ ಆಯ್ತಲ್ಲ."

"ಏನು ಒಳ್ಳೇದು. ಕೌಂಟರ್ ಬೇಗ ಅಂತ ನಾವು ಜಾಸ್ತಿ ಜನ ಕಳಿಸ್ತೀವಿ. ಒಳಗಡೆ ಕೂತೋರಿಗೆ ರಜೆ ಇಲ್ಲ, ಊಟ ಇಲ್ಲ. ಕೆಲಸ ಮಾಡೋವಾಗ ಹುಟ್ಟೋ ವಿಷಾನೂ ಅವರೇ ಕುಡೀಬೇಕು. ಹದಿನೈದು ಇಪ್ಪತ್ತು ವರ್ಷ ಆದ ಮೇಲೆ ಒಬ್ಬೊಬ್ಬರೇ ಮಲಗ್ತಾರೆ. ಎಕ್ಸ್‌ಟ್ರಾ ಕೌಂಟರ್ ಮುಚ್ಚತ್ತೆ, ಹಳೇದೂ ಅರ್ಧ ಬಾಗಿಲು. ಈಗ ನಂದು ಅದೇ. ನಿನ್ನೆ ಸಂಜೆ ಹೋದ ಎರಡು ಗ್ಲಾಸು ಇನ್ನೂ ಸಾಲಲ್ಲೇ ನಿಂತಿದಾವೆ. ಇಪ್ಪತ್ತು ನಿಮಿಷಕ್ಕೆ ಒಂದು ಅಂಕಿ ಇಳೀತು, ನೋಡಿದ್ಯಲ್ಲ. ಡಾಕ್ಟರು ಚಿತ್ರ ಬರೆದು ತೋರಿಸಿದ್ರು."

ಅವನು ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ ಮೊಳಕಾಲಿನ ಕೆಳಗೆ ಬೆರಳಿನಿಂದ ಒತ್ತಿದ. ಅಲ್ಲಿ ಗುಳಿ ಬಿತ್ತು. ಚಹಾ ತಣ್ಣಗಾಗುವವರೆಗೂ ಅದು ಮೇಲೇಳಲಿಲ್ಲ.

"ಈ ಕಾಲಲ್ಲಿ ಕ್ಲಚ್ ಒತ್ತೋದು ಕಷ್ಟ. ಆ ತರಬೇತುದಾರನ ಕೆಲಸ ನನಗೂ ಬೇಕಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅದು ನಿಂದು. ನಾನು ಹುಟ್ಟಿಸಿದ ಮಾತು ನಿನ್ನ ಕುತ್ತಿಗೆಗೆ ಬಂದಿದೆ. ಸಾಹೇಬರ ಎದುರಿಗೆ ನಾನೇ ಸಾಕ್ಷಿ ಹೇಳ್ತೀನಿ."

"ಮಾತಿನ ಸಾಕ್ಷಿ ಸಾಲಲ್ಲ ಅಣ್ಣ. ಈ ಡಿಪೋದಲ್ಲಿ ಹಲ್ಲು ಅಂತ ಬಾಯಿಬಿಟ್ರೇ ನಗ್ತಾರೆ." ಸೋಡಾ ಎದ್ದು ನಿಂತ. "ಹಲ್ಲನ್ನೇ ತಂದು ಮೇಜಿನ ಮೇಲೆ ಇಡ್ತೀನಿ."

ದಂತವೈದ್ಯೆಯ ಕೋಣೆಯಲ್ಲಿ ಸರದಿ ಬರುವ ಹೊತ್ತಿಗೆ ಎರಡೂವರೆ. ಅವಳು ಬಾಯಿಯೊಳಗೆ ಪುಟ್ಟ ಕನ್ನಡಿ ಇಟ್ಟು ಎಡಗಡೆಯನ್ನೆಲ್ಲ ತಟ್ಟಿ ನೋಡಿದಳು.

"ಮೇಲಿಂದೂ ಹುಳುಕಾಗಿದೆ, ಕೆಳಗಿಂದೂ ಹುಳುಕಾಗಿದೆ. ನೋಯ್ತಿರೋದು ಯಾವುದು?"

"ಎರಡೂ. ಇಡೀ ಕಡೆ."

"ಒಂದು ಎಕ್ಸ್‌ರೇ ತೆಗೆಸ್ಕೊಂಡು ನಾಳೆ ಬನ್ನಿ."

"ನಾಳೆ ಆಗಲ್ಲ ಮೇಡಂ, ನಾಲ್ಕು ಗಂಟೆಗೆ ಇಂಟರ್‌ವ್ಯೂ. ಯಾವುದಾದ್ರೂ ಒಂದು ಕೀಳಿ."

ಅವಳು ಕನ್ನಡಕದ ಮೇಲಿನಿಂದ ನೋಡಿದಳು. "ಯಾವುದಾದ್ರೂ ಒಂದಕ್ಕೆ ಹತ್ತಿಬಿಡೋಕೆ ಇದೇನು ಬಸ್ಸಾ?"

"ಕೈ ಮುಗೀತೀನಿ. ಹಲ್ಲು ಹೋದ್ರೆ ಹೋಗ್ಲಿ, ಮರ್ಯಾದೆ ಉಳೀಬೇಕು. ಕಿತ್ತ ಹಲ್ಲು ನನ್ನ ಕೈಗೆ ಬೇಕು."

ಇಂಥ ರೋಗಿಯನ್ನು ಅವಳು ನೋಡಿರಲಿಲ್ಲ. ಹೆಚ್ಚು ಸಡಿಲವಾಗಿ ಕಂಡದ್ದು ಕೆಳಗಿನದು. ಎರಡು ಕಡೆ ಸೂಜಿ ಚುಚ್ಚಿದಳು. ಹತ್ತು ನಿಮಿಷದಲ್ಲಿ ಎಡಗೆನ್ನೆ, ತುಟಿ, ನಾಲಗೆಯ ಅರ್ಧ ಭಾಗ ಬೇರೆ ಯಾರದೋ ಆಗಿಹೋಯಿತು. ಹಲ್ಲು ಸುಲಭಕ್ಕೆ ಬರಲಿಲ್ಲ. ಬಂದಾಗ ಅಂಗಿಯ ಮೇಲೆ ನಾಲ್ಕು ಹನಿ ರಕ್ತವನ್ನೂ ಕರೆತಂದಿತು. ನರ್ಸು ಅದನ್ನು ತೊಳೆದು, ಕೆಡದಿರಲಿ ಎಂದು ಸಣ್ಣ ಗಾಜಿನ ಶೀಶೆಗೆ ಹಾಕಿ, ಮೇಲೆ ಸ್ಪಿರಿಟ್ಟು ತುಂಬಿ ಕೊಟ್ಟಳು. ಸೋಡಾ ಒಂದು ಚೀಟಿ ಬರೆಸಿಕೊಳ್ಳುವುದನ್ನು ಮರೆತ. ಗಡಿಯಾರದಲ್ಲಿ ಮೂರು ನಲವತ್ತಾಗಿತ್ತು.

ಬೆಳಗಿನಿಂದ ಹೊಟ್ಟೆಗೆ ಏನೂ ಇಲ್ಲ. ಬಿಸಿಲಲ್ಲಿ ಓಡಿದ್ದರಿಂದ ಡಿಪೋ ತಲುಪುವಾಗ ಕಾಲು ಸೋಲುತ್ತಿತ್ತು. ಸಾಹೇಬರ ಕೋಣೆಯ ಹೊಸ್ತಿಲು ಎಡವಿದ, ಬಾಗಿಲಿನ ಚೌಕಟ್ಟು ಹಿಡಿದುಕೊಂಡ, ತುಟಿಯ ಎಡತುದಿಯಿಂದ ಜೊಲ್ಲು ತನ್ನಷ್ಟಕ್ಕೆ ತಾನು ಇಳಿಯಿತು.

"ನಮಶ್ಕಾಲ ಶಲ್," ಎಂದ.

ಹೊಸ ಸಾಹೇಬರು ತೆಳ್ಳಗೆ, ಅಚ್ಚುಕಟ್ಟಾಗಿ, ಈಗಷ್ಟೇ ಇಸ್ತ್ರಿಯಾದವರಂತೆ ಇದ್ದರು. ಎದುರಿನ ಒಂದು ಕುರ್ಚಿಯಲ್ಲಿ ಟ್ಯಾಂಕರ್ ಮಿಂದು, ತಲೆ ಬಾಚಿಕೊಂಡು, ಕೈಕಟ್ಟಿ ಕೂತಿದ್ದ. ಪಕ್ಕದಲ್ಲಿ ಗುಮಾಸ್ತ ರಿಜಿಸ್ಟರ್ ತೆರೆದು ನಿಂತಿದ್ದ.

"ಕೂತ್ಕೊಳ್ಳಿ. ಕೂತ್ಕೊಳ್ಳೋಕಾಗತ್ತಾ?" ಎಂದರು ಸಾಹೇಬರು.

"ಶಲ್, ಶಾಕ್ಷಿ," ಎನ್ನುತ್ತ ಸೋಡಾ ಜೇಬಿನಿಂದ ಶೀಶೆ ತೆಗೆದ. ಬೆವೆತ ಕೈ, ಶೀಶೆ ಜಾರಿತು. ಮೇಜಿನ ಗಾಜಿಗೆ ಬಡಿದು ಒಡೆಯಿತು. ಹಲ್ಲು ಉರುಳಿಕೊಂಡು ಹೋಗಿ ಯಾವುದೋ ಕಪಾಟಿನಡಿ ಸೇರಿತು. ಸ್ಪಿರಿಟ್ಟು ಮಾತ್ರ ಸಾಹೇಬರ ಮೇಜಿನ ಮೇಲೆ ಹರಡಿ, ಕೋಣೆಯನ್ನೆಲ್ಲ ತನ್ನ ವಾಸನೆಯಿಂದ ತುಂಬಿತು.

"ಇದು ಎರಡನೇ ಬಾಟಲಿ ಸಾರ್," ಎಂದ ಗುಮಾಸ್ತ.

ಸೋಡಾ ಕಪಾಟಿನ ಮುಂದೆ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಕೈ ಒಳಗೆ ತೂರಿಸಿದ. "ಇಲ್ಲೇ ಇದೆ ಶಲ್, ಬಿಳೀ ಬಣ್ಣದ್ದು, ಒಂದು ನಿಮಿಷ ಶಲ್."

"ಏಳಿ," ಎಂದರು ಸಾಹೇಬರು ಮೃದುವಾಗಿ. "ನಾನು ನಿಮಗೆ ಅನ್ಯಾಯ ಮಾಡಲ್ಲ. ನಿಮ್ಮ ಈಗಿನ ಸ್ಥಿತಿ ನೋಡಿ ತೀರ್ಮಾನ ಮಾಡಲ್ಲ. ನಾನು ಅಂಕಿ ನಂಬೋ ಮನುಷ್ಯ. ಬೆಳಿಗ್ಗೆ ತೊಂಬತ್ತೆರಡು. ಇಪ್ಪತ್ತು ನಿಮಿಷದ ನಂತರ?"

"ಶೊನ್ನೆ," ಎಂದ ಸೋಡಾ, ಎದ್ದು ನಿಂತು. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಕೊನೆಗೂ ಅಂಕಿ ಬಲ್ಲ ಒಬ್ಬ ಮನುಷ್ಯ ಸಿಕ್ಕಿದ. "ಪೂಲ್ತಿ ಶೊನ್ನೆ ಶಲ್."

"ಯಂತ್ರ ಸರಿ ಇತ್ತಾ?" ಸಾಹೇಬರು ಗುಮಾಸ್ತನನ್ನು ಕೇಳಿದರು.

"ಸರಿಯಾಗಿತ್ತು ಸಾರ್. ಇವರನ್ನ ಊದಿಸಿ ನೋಡಿದೆ. ಮೊದಲು ಹದಿನೆಂಟು, ಆಮೇಲೆ ಹದಿನೇಳು."

ಸಾಹೇಬರು ಡ್ರಾಯರಿನಿಂದ ತರಬೇತಿಯ ಫೈಲು ತೆಗೆದರು. ಮೊದಲ ಕೆಲವು ಪುಟಗಳಲ್ಲಿ ಕೆಂಪು ಗೆರೆಗಳಿದ್ದವು. ಉಳಿದವು ಹೊಸ ನೋಟಿನಂತೆ ಒಂದಕ್ಕೊಂದು ಅಂಟಿಕೊಂಡೇ ಇದ್ದವು.

"ತೊಂಬತ್ತೆರಡು ಇಳಿಸೋಕೆ ಸಾಮಾನ್ಯ ಮನುಷ್ಯನ ದೇಹಕ್ಕೆ ಸುಮಾರು ಆರು ಗಂಟೆ ಬೇಕು. ಆದರೆ ದಿನಾ ಹೆಚ್ಚು ಕುಡಿಯೋರ ಲಿವರ್ ಪಳಗಿಬಿಟ್ಟಿರತ್ತೆ, ಬೇಗ ಇಳಿಸತ್ತೆ. ಇದು ವಿಜ್ಞಾನ. ಎಷ್ಟು ಬೇಗವೋ ಅಷ್ಟು ಹಳೇ ಚಟ." ಅವರು ಕನ್ನಡಕ ತೆಗೆದು ಸೋಡಾನನ್ನು ಗೌರವದಂತಿದ್ದ ಏನೋ ಒಂದರಿಂದ ನೋಡಿದರು. "ನೀವು ಇಪ್ಪತ್ತು ನಿಮಿಷ ತಗೊಂಡ್ರಿ. ತರಬೇತಿ ಕೊಟ್ಟ ಡಾಕ್ಟರು ಕೂಡ ಇಂಥದ್ದು ಇದೆ ಅಂತ ಹೇಳಿರಲಿಲ್ಲ. ಎಷ್ಟು ವರ್ಷ ಬೇಕಾಯ್ತು ಇದಕ್ಕೆ?"

ಸೋಡಾ ಬಾಯಿ ತೆರೆದ. ಬಾಯಿಂದ ಹತ್ತಿಯ ಉಂಡೆ ಹೊರಗೆ ಬಿತ್ತು.

"ಈಗ ಇವರನ್ನ ನೋಡಿ." ಸಾಹೇಬರು ಟ್ಯಾಂಕರಿನತ್ತ ತಿರುಗಿದರು. "ಇಪ್ಪತ್ತು ನಿಮಿಷಕ್ಕೆ ಒಂದೇ ಒಂದು ಅಂಕಿ. ಎಷ್ಟು ನಿಧಾನ. ಇದು ಜಗತ್ತು ಕಾಣದ ಲಿವರ್ರು. ಅಪರೂಪಕ್ಕೆ ಯಾರೋ ಬಲವಂತ ಮಾಡಿ ಒಂದು ಗುಟುಕು ಕುಡಿಸಿರ್ತಾರೆ, ಪಾಪ, ಅದನ್ನ ಏನು ಮಾಡಬೇಕು ಅಂತಲೇ ಅದಕ್ಕೆ ತಿಳೀತಿಲ್ಲ."

ಟ್ಯಾಂಕರ್ ಎದ್ದ. ಅವನು ಬದುಕಿನಲ್ಲಿ ನಿಜ ಹೇಳಲೆಂದು ಎದ್ದು ನಿಂತದ್ದು ಅದೇ ಮೊದಲಿರಬೇಕು. ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಹಣೆ ಬೆವತಿತ್ತು.

"ಸರ್, ದಯವಿಟ್ಟು ಕೇಳಿ. ಇವನಿಗೆ ಇರೋದು ಹಲ್ಲುನೋವು."

"ಗೊತ್ತು. ಗುಮಾಸ್ತರು ಹೇಳಿದಾರೆ, ಇಲ್ಲಿ ಅದಕ್ಕೆ ಹಾಗಂತಾರೆ ಅಂತ."

"ಅದಲ್ಲ ಸರ್. ಇವನದು ನಿಜವಾದ ಹಲ್ಲುನೋವು."

"ನಿಜವಾದದ್ದು ಅಂತಲೇ ನಾನೂ ಹೇಳ್ತಿರೋದು."

"ಅಯ್ಯೋ, ಹೇಗೆ ಹೇಳ್ಲಿ. ಹಲ್ಲುನೋವು ಇರೋದು ನನಗೆ ಸರ್. ಇಪ್ಪತ್ತು ವರ್ಷದಿಂದ. ಇವನು ಒಂದು ತೊಟ್ಟೂ ಮುಟ್ಟಿಲ್ಲ. ಇವನನ್ನ ಎಲ್ರೂ ಸೋಡಾ ಅಂತ ಕರೀತಾರೆ, ಬೇಕಾದ್ರೆ ಕೇಳಿ."

"ಸೋಡಾ," ಎಂದು ಸಾಹೇಬರು ಅದನ್ನೂ ಬರೆದುಕೊಂಡರು. ಪೆನ್ನು ಕೆಳಗಿಟ್ಟು, ಎದ್ದು ಬಂದು ಟ್ಯಾಂಕರಿನ ಕೈ ಹಿಡಿದುಕೊಂಡರು. "ಜೊತೆಗಾರನ ತಪ್ಪನ್ನ ತನ್ನ ಮೈಮೇಲೆ ಹಾಕ್ಕೊಳ್ಳೋ ಮನುಷ್ಯನನ್ನ ನಾನು ಈ ಇಲಾಖೆಯಲ್ಲಿ ನೋಡಿರಲಿಲ್ಲ. ಹುಡುಗರಿಗೆ ಕಲಿಸಬೇಕಾದೋರು ನೀವು. ಹುದ್ದೆ ನಿಮಗೆ. ನಾಳೆಯಿಂದ ಹತ್ತು ಗಂಟೆಗೆ ಬನ್ನಿ."

ಟ್ಯಾಂಕರ್ ಸೋಡಾನ ಮುಖ ನೋಡಲಾಗದೆ ತನ್ನ ಕಾಲು ನೋಡಿಕೊಂಡ. ಅದು ಊದಿಕೊಂಡಿತ್ತು.

ಸೋಡಾನ ಕೆಲಸ ಹೋಗಲಿಲ್ಲ. ಸಾಹೇಬರು ದಯಾವಂತರು. ಮೂರು ವಾರ ಚಟ ಬಿಡಿಸುವ ಕೇಂದ್ರದಲ್ಲಿದ್ದು, ಗುಣವಾದ ಪತ್ರ ತಂದರೆ ಮತ್ತೆ ಆರು ಹತ್ತರ ಬಸ್ಸು ಕೊಡುವುದಾಗಿ ಬರೆದು, ಡಿಪೋದ ಜೀಪಿನಲ್ಲೇ ಕಳಿಸಿಕೊಟ್ಟರು. ದಾರಿಯಲ್ಲಿ ಹೆಂಡತಿಯ ಫೋನು ಬಂತು. ಡಿಪೋದಿಂದ ಅವಳಿಗೆ ಸುದ್ದಿ ಮುಟ್ಟಿತ್ತು.

"ಹಲ್ಲುನೋವಿಗೆ ಮೂರು ವಾರ ಅಡ್ಮಿಟ್ ಮಾಡ್ಕೋತಾರಂತೆ? ಎಷ್ಟು ಒಳ್ಳೇ ಸಾಹೇಬರು ಕಣ್ರೀ. ನಾನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. ಬೇಕಿದ್ರೆ ನಮ್ಮ ಬೀದಿಯೋರನ್ನೆಲ್ಲ ಕಳಿಸ್ತೀನಿ ಅಂದೆ."

ಕೇಂದ್ರದ ಗೇಟು ದಾಟುವಾಗ ಎಡಗೆನ್ನೆಗೆ ನಿಧಾನವಾಗಿ ಜೀವ ಬರತೊಡಗಿತು. ಮೊದಲು ತುಟಿ, ಆಮೇಲೆ ನಾಲಗೆ. ಸೋಡಾ ನಾಲಗೆಯಿಂದ ಕೆಳಗಿನ ಗುಳಿಯನ್ನು ಮುಟ್ಟಿ ನೋಡಿದ. ಅಲ್ಲಿ ಹೇಳಿಕೊಳ್ಳುವಂಥ ನೋವಿರಲಿಲ್ಲ. ಅದರ ಮೇಲುಗಡೆ, ಮೇಲಿನ ಸಾಲಿನಲ್ಲಿ, ಯಾರೋ ಸ್ಪ್ಯಾನರು ಕೈಗೆತ್ತಿಕೊಂಡು ನಟ್ಟು ಬಿಗಿಸಲು ಕೂತರು. ತಪ್ಪು ಮಾಡಿದವನು ತನ್ನ ಜಾಗದಲ್ಲಿ ಭದ್ರವಾಗಿದ್ದ; ಕಿತ್ತದ್ದು ಏನೂ ಮಾಡದೆ ಎದುರಿಗಿದ್ದವನನ್ನು.

ಮೇಜಿನಲ್ಲಿದ್ದ ಮೇಲ್ವಿಚಾರಕ ಅರ್ಜಿ ತುಂಬಿಸಿಕೊಳ್ಳುತ್ತಿದ್ದ. ಗೋಡೆಯ ಮೇಲೆ ಡಿಪೋದ ಚಾಲಕರ ಹಳೆಯ ಟೋಪಿಯೊಂದು ತೂಗುತ್ತಿತ್ತು; ಮೇಲ್ವಿಚಾರಕನೂ ಅಲ್ಲಿಂದಲೇ ನಿವೃತ್ತನಾದ ಚಾಲಕನಿರಬೇಕು.

"ಕೆನ್ನೆ ಯಾಕೆ ಹಿಡ್ಕೊಂಡಿದೀಯಪ್ಪಾ? ಏನು ತೊಂದರೆ?"

ಸೋಡಾ ಇಡೀ ದಿನದಲ್ಲಿ ಒಂದು ಪಾಠವನ್ನಾದರೂ ಕಲಿತಿದ್ದ. ಕೈ ಕೆಳಗಿಳಿಸಿದ. ಕಣ್ಣಲ್ಲಿ ನೀರು ಬರುತ್ತಿದ್ದರೂ ಹಲ್ಲಿನ ಹೆಸರೆತ್ತಲಿಲ್ಲ.

"ಏನೂ ಇಲ್ಲ. ನನಗೆ ಯಾವ ತೊಂದರೇನೂ ಇಲ್ಲ."

ಮೇಲ್ವಿಚಾರಕ ತಲೆಯಾಡಿಸಿ, ಅರ್ಜಿಯಲ್ಲಿದ್ದ 'ಮೂರು ವಾರ'ವನ್ನು ಹೊಡೆದುಹಾಕಿ 'ಆರು' ಎಂದು ಬರೆದ. "ಒಪ್ಪಿಕೊಳ್ಳದೆ ಇರೋರಿಗೆ ಸ್ವಲ್ಪ ಹೆಚ್ಚು ದಿನ ಬೇಕಾಗತ್ತೆ. ಪರವಾಗಿಲ್ಲ, ಎಲ್ಲ ಸರಿಹೋಗತ್ತೆ. ಹೋಗಿ ಮಲ್ಕೋ," ಎಂದು ಹೊದಿಕೆಯೊಂದನ್ನು ಅವನ ಕೈಗಿಟ್ಟ. "ಇಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಗಂಟೆ ಹೊಡೀತೀವಿ."